ಹಿತ್ತಾಳೆಯನ್ನು ಬೇಕಾದಷ್ಟೇ ಒತ್ತಿ: ಬಳಸಿದ ರೈಫಲ್ ಕೇಸನ್ನು ನೋಡುವ, ಸೈಜ್ ಮಾಡುವ ಬಗೆ

"ಮಾವ, ಸೈಜ್ ಮಾಡಿದ ಕೇಸ್ ಹಾಕಿದರೆ ಬೋಲ್ಟ್ ಮುಚ್ಚುತ್ತಿಲ್ಲ. ಸೈಜ್ ಮಾಡದೆ ಹಾಗೇ ಇಟ್ಟಿದ್ದು ಆರಾಮಾಗಿ ಒಳಗೆ ಹೋಗುತ್ತೆ. ಇದು ಹೇಗೆ ಸಾಧ್ಯ?"

ಭಾನುವಾರ ಬೆಳಿಗ್ಗೆ ಏಳು ಗಂಟೆ. ನಾನು ವಿದ್ಯಾರಣ್ಯಪುರದ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಅಕ್ಕನ ಮಗ ಟೆಕ್ಸಸ್‌ನಲ್ಲಿ ತನ್ನ ಗ್ಯಾರೇಜಿನಲ್ಲಿದ್ದ, ಅವನಿಗೆ ಇನ್ನೂ ಶನಿವಾರ ರಾತ್ರಿ. ಫೋನಿನ ಪರದೆ ತುಂಬ ಒಂದು ಹಿತ್ತಾಳೆ ಕೇಸ್ ಹಿಡಿದು ತೋರಿಸುತ್ತಿದ್ದ. ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ಕೊಳವೆ ಅದು. ನಮ್ಮ ಮಲೆನಾಡಿನ ಕಡೆ ತೋಟೆ ಅನ್ನುತ್ತಾರಲ್ಲ, ಅದರ ಹೊರಮೈ. ಸೈಜ್ ಮಾಡುವುದು ಅಂದರೆ ಉಬ್ಬಿದ ಕೇಸನ್ನು ಪ್ರೆಸ್ಸಿನಲ್ಲಿ ಡೈ ಅನ್ನುವ ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತರುವುದು. ಬೋಲ್ಟ್ ಅಂದರೆ ತೋಟೆಯನ್ನು ರೈಫಲ್‌ನೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಅಗುಳಿ.

ನಾನು ಬಂದೂಕು ಹಿಡಿದವನಲ್ಲ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್ ರೂಮಿನಲ್ಲಿ ಕೆಲಸ ಮಾಡಿದವನು. ಲೋಹವನ್ನು ಒತ್ತುವುದು, ಎಳೆಯುವುದು, ಅಳೆಯುವುದು ನನ್ನ ಕಸುಬು. ಬಳಸಿದ ಕೇಸಿಗೆ ಹೊಸ ಮದ್ದು, ಗುಂಡು ಹಾಕಿ ಮತ್ತೆ ಬಳಸುವ ಈ ಹವ್ಯಾಸವನ್ನು ಹುಡುಗ ಶುರು ಮಾಡಿದಾಗ ಅವನ ಮನೆಯಲ್ಲಿ ಮೂರು ತಿಂಗಳು ಇದ್ದೆ. ಪ್ರೆಸ್ ಪಕ್ಕದಲ್ಲಿ ನಿಂತು ನೂರಾರು ಕೇಸ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಆಮೇಲೆ ವಾರ ವಾರ ಫೋನಿನಲ್ಲಿ ಪಾಠ. ಈಗ ಅವನ ಸ್ನೇಹಿತರೂ ಕೇಳುತ್ತಾರೆ, ಅವರಲ್ಲಿ ನಮ್ಮ ಕಡೆಯವರೇ ಜಾಸ್ತಿ. ಅವರಿಗೆ ಕನ್ನಡದಲ್ಲಿ ಒಂದು ಕಡೆ ಬರೆದಿಡೋಣ ಅಂತ ಕೂತೆ.

ಒಂದು ಮಾತು ಮೊದಲೇ ಹೇಳಬೇಕು. ಇದು ಕಾನೂನು ಒಪ್ಪುವ ದೇಶದಲ್ಲಿ, ಒಪ್ಪುವ ರೀತಿಯಲ್ಲಿ ಮಾಡುವ ಕೆಲಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬೆಂಗಳೂರಿನಲ್ಲಿ ಕೂತು ಮನೆಯಲ್ಲಿ ಪ್ರಯತ್ನಿಸುವ ವಿಷಯ ಅಲ್ಲವೇ ಅಲ್ಲ. ರಜೆಗೆ ಬರುವಾಗ ನೆನಪಿಗೆ ಅಂತ ಒಂದು ಖಾಲಿ ಕೇಸ್ ಕೂಡ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಮದ್ದು ಎಷ್ಟು ಹಾಕಬೇಕು ಅನ್ನುವುದನ್ನೂ ನಾನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಮದ್ದಿನ ಕಂಪನಿಗಳು ಅಚ್ಚು ಹಾಕಿದ ಕೈಪಿಡಿಗಳೇ ಇವೆ. ನನ್ನದು ಹಿತ್ತಾಳೆಯ ಮಾತು ಮಾತ್ರ.

ಹಿತ್ತಾಳೆಗೆ ಏನಾಗಿರುತ್ತದೆ

ಈ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಕಾರ್ಟ್ರಿಜ್ ಬ್ರಾಸ್ ಅಂತಲೇ ಅದಕ್ಕೆ ಹೆಸರು. ಪೀಣ್ಯದಲ್ಲಿ ಡೀಪ್ ಡ್ರಾ ಮಾಡುವ ಶೆಡ್‌ಗಳನ್ನು ನೋಡಿದವರಿಗೆ ಇದು ಗೊತ್ತು. ಒಂದು ದಪ್ಪ ಬಿಲ್ಲೆಯನ್ನು ಪಂಚ್‌ನಿಂದ ಒತ್ತಿ ಬಟ್ಟಲು ಮಾಡುತ್ತಾರೆ. ಮತ್ತೆ ಮತ್ತೆ ಎಳೆದು ಕೊಳವೆ ಮಾಡುತ್ತಾರೆ. ನಡುನಡುವೆ ಬಿಸಿ ಮಾಡಿ ಮೆತ್ತಗೆ ಮಾಡದಿದ್ದರೆ ಸೀಳಿ ಹೋಗುತ್ತದೆ. ಕೊನೆಗೆ ಬುಡ ದಪ್ಪಗೆ, ಗಟ್ಟಿಯಾಗಿ ಉಳಿಯುತ್ತದೆ. ಬಾಯಿಯ ಕಡೆ ಗುಂಡು ಕೂರುವ ಕತ್ತು ತೆಳ್ಳಗೆ, ಮೆತ್ತಗೆ ಇರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ.

ಗುಂಡು ಹಾರಿದಾಗ ಒಳಗಿನ ಒತ್ತಡ ಎಷ್ಟಿರುತ್ತದೆ ಗೊತ್ತಾ? ನನ್ನ ಅಳಿಯನ ರೈಫಲ್ .308 ವಿಂಚೆಸ್ಟರ್. ಅದಕ್ಕೆ ಅಮೆರಿಕದ ಮಾನದಂಡ ಒಪ್ಪುವ ಮೇಲ್ಮಿತಿ ಚದರ ಇಂಚಿಗೆ 62,000 ಪೌಂಡ್. ಕಾರಿನ ಟೈರಿಗೆ ನಾವು ಹಾಕಿಸುವುದು 32, 33. ಆ ಒತ್ತಡಕ್ಕೆ ಕೇಸ್ ಉಬ್ಬಿ ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ಅದು ಕೂರುವ ಗೂಡಿನ, ಗೋಡೆಗೆ ಅಂಟುತ್ತದೆ. ಬಿಸಿ ಅನಿಲ ಹಿಂದೆ ಮುಖದ ಕಡೆ ಬರದಂತೆ ತಡೆಯುವುದು ಇದೇ ಹಿತ್ತಾಳೆ. ಒತ್ತಡ ಇಳಿದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ಬರುತ್ತದೆ. ಅದಕ್ಕೇ ಹೊರಗೆ ತೆಗೆಯಲು ಆಗುವುದು. ಹಾಗಾಗಿ ಒಮ್ಮೆ ಹಾರಿಸಿದ ಕೇಸ್ ಅಂದರೆ ಆ ರೈಫಲ್‌ನ ಚೇಂಬರಿನ ಅಚ್ಚು.

ಅದನ್ನು ಮತ್ತೆ ಬಳಸಬೇಕಾದರೆ ಸ್ವಲ್ಪ ಕುಗ್ಗಿಸಬೇಕು. ಕತ್ತು ಗುಂಡನ್ನು ಹಿಡಿಯಬೇಕು, ಮೈ ಚೇಂಬರಿಗೆ ತಡೆಯಿಲ್ಲದೆ ಹೋಗಬೇಕು. ಆದರೆ ಪ್ರತಿ ಸಲ ಉಬ್ಬಿದಾಗಲೂ ಕುಗ್ಗಿಸಿದಾಗಲೂ ಹಿತ್ತಾಳೆ ದಣಿಯುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿದ ಹಾಗೆ. ಹಾಗಾಗಿ ಎಷ್ಟು ಬೇಕೋ ಅಷ್ಟೇ ಒತ್ತಿ. ಎಷ್ಟು ಬೇಕು ಅಂತ ಅಳೆಯದೆ ಪ್ರೆಸ್ಸಿನ ಹಿಡಿಕೆ ಮುಟ್ಟಬೇಡಿ.

ಮೊದಲು ಬೇರ್ಪಡಿಸಿ, ತೊಳೆಯಿರಿ

ರೇಂಜಿನಿಂದ ತಂದ ಚೀಲವನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಮೊದಲು ಹುಡುಕಬೇಕಾದ್ದು ಹಾರದೇ ಉಳಿದ ತೋಟೆ ಏನಾದರೂ ಬೆರೆತಿದೆಯಾ ಅಂತ. ಬುಡದ ನಡುವೆ ಕಿಡಿ ಕೊಡುವ ಪುಟ್ಟ ಬಟ್ಟಲು ಪ್ರೈಮರ್. ಅದಕ್ಕೆ ರೈಫಲ್‌ನ ಪಿನ್ನಿನ ಗುರುತು ಇದ್ದರೂ ಗುಂಡು ಕತ್ತಿನಲ್ಲೇ ಇದ್ದರೆ ಅದು ಜೀವಂತ. ಬೇರೆ ಡಬ್ಬಿಗೆ ಹಾಕಿ ರೇಂಜಿನವರಿಗೆ ಕೊಡಿ.

ಆಮೇಲೆ ಅಯಸ್ಕಾಂತ ಆಡಿಸಿ. ಅಂಟಿಕೊಂಡಿದ್ದು ಉಕ್ಕಿನದು, ಬಿಡಿ. ಬುಡದ ಮೇಲಿನ ಅಕ್ಷರ ನೋಡಿ ಒಂದೇ ತಯಾರಕರದ್ದನ್ನು ಒಂದು ಕಡೆ ಇಡಿ. ಸೈನ್ಯದ ಕೇಸ್‌ಗಳ ಗೋಡೆ ಸಾಮಾನ್ಯವಾಗಿ ದಪ್ಪ. ಒಳಗಿನ ಜಾಗ ಕಡಿಮೆ. ಅದೇ ಮದ್ದು ಹಾಕಿದರೂ ಒತ್ತಡ ಜಾಸ್ತಿ ಆಗುತ್ತದೆ. ಅದಕ್ಕೇ ಕಲಸಬಾರದು. ಅವುಗಳಲ್ಲಿ ಪ್ರೈಮರಿನ ಸುತ್ತ ಒತ್ತಿ ಬಿಗಿ ಮಾಡಿರುತ್ತಾರೆ. ಹಳೆ ಪ್ರೈಮರ್ ತೆಗೆದ ಮೇಲೆ ಆ ಅಂಚನ್ನು ತೆಗೆಯದಿದ್ದರೆ ಹೊಸದು ಕೂರುವುದಿಲ್ಲ.

ಟಾರ್ಚ್ ಹಿಡಿದು ಕೇಸಿನ ಒಳಗೆ ನೋಡಿ. ತಳದಲ್ಲಿ ನಡುವೆ ಒಂದೇ ತೂತು ಇದ್ದರೆ ಅದು ಬಾಕ್ಸರ್ ಪ್ರೈಮರಿನದು. ಎರಡು ಪುಟ್ಟ ತೂತು ಇದ್ದರೆ ಬರ್ಡನ್. ಬರ್ಡನ್ ಕೇಸನ್ನು ಮಾಮೂಲಿ ಡೈಗೆ ಹಾಕಿದರೆ ಹಳೆ ಪ್ರೈಮರನ್ನು ತಳ್ಳಿ ತೆಗೆಯುವ ಡೈಯ ಪಿನ್ ಮುರಿಯುತ್ತದೆ. ಬಾಕ್ಸರ್ ಇಂಗ್ಲೆಂಡಿನವರು, ಬರ್ಡನ್ ಅಮೆರಿಕದವರು. ಆದರೆ ಇಂಗ್ಲಿಷಿನವರದ್ದು ಅಮೆರಿಕದಲ್ಲಿ ನೆಲೆ ನಿಂತಿತು, ಅಮೆರಿಕದವರದ್ದು ಯುರೋಪಿನಲ್ಲಿ. ಇದನ್ನು ಕೇಳಿದಾಗ ನನಗೆ ಖುಷಿಯಾಯಿತು. ಒಳ್ಳೆಯ ವಿನ್ಯಾಸ ಊರು ಕೇಳಿಕೊಂಡು ಹೋಗುವುದಿಲ್ಲ.

ತೊಳೆಯುವ ವಿಷಯದಲ್ಲಿ ನಮ್ಮ ಮನೆಯ ಹೆಂಗಸರಿಗೆ ಗೊತ್ತಿರುವುದೇ ಸಾಕು. ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತೇವಲ್ಲ, ಹುಳಿ ಕರೆಯನ್ನು ಬಿಡಿಸುತ್ತದೆ. ಅಲ್ಲಿ ಸ್ವಲ್ಪ ಸಿಟ್ರಿಕ್ ಆಸಿಡ್ ಬೆರೆಸಿದ ಬಿಸಿನೀರು ಬಳಸುತ್ತಾರೆ. ಹತ್ತು ನಿಮಿಷ ಸಾಕು. ಗಾಢವಾಗಿ ಬೆರೆಸಿ ರಾತ್ರಿಯಿಡೀ ನೆನೆಸಿದರೆ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸತು ಬಿಟ್ಟು ತಾಮ್ರ ಮೇಲೆ ಬಂದ ಗುರುತು ಅದು. ಚೆನ್ನಾಗಿ ನೀರಿನಲ್ಲಿ ಜಾಲಿಸಿ ಪೂರ್ತಿ ಒಣಗಿಸಿ.

ಅಮೋನಿಯ ಇರುವ ಪಾಲಿಶ್ ಮಾತ್ರ ಹತ್ತಿರ ತರಬೇಡಿ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೈನ್ಯದ ತೋಟೆಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಯಾರೂ ಹಾರಿಸಿದ್ದಲ್ಲ, ಪೆಟ್ಟಿಗೆಯಲ್ಲಿ ಇಟ್ಟಿದ್ದು. ಕುದುರೆ ಲಾಯದ ಹತ್ತಿರ ಇಟ್ಟಿದ್ದರಿಂದ ಮೂತ್ರದ ಅಮೋನಿಯ, ಮಳೆಗಾಲದ ತೇವ, ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದ ಎಳೆತ, ಮೂರೂ ಸೇರಿ ಲೋಹ ಸೀಳುತ್ತಿತ್ತು. ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತಲೇ ಹೆಸರು ಬಂತು. 1921ರಲ್ಲಿ ಕಾರಣ ಬಿಡಿಸಿ ಹೇಳಿದರು. ಟೂಲ್ ರೂಮಿನಲ್ಲಿ ಹೊಸದಾಗಿ ಸೇರಿದಾಗ ನನ್ನ ಮೇಲಿನವರು ಇದನ್ನು ಹೇಳಿದ್ದರು. ಅಷ್ಟು ವರ್ಷದ ಮೇಲೆ ಗ್ಯಾರೇಜಿನಲ್ಲಿ ಹುಡುಗ ಹಿತ್ತಾಳೆ ಪಾಲಿಶ್ ಡಬ್ಬಿ ತೆಗೆದಾಗ ಥಟ್ಟನೆ ನೆನಪಾಯಿತು.

ಸೀಸದ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಅಡುಗೆ ಪಾತ್ರೆ ಬಳಸಬಾರದು. ಜೋಳದ ದಿಂಡಿನ ಪುಡಿ ಹಾಕಿ ತಿರುಗಿಸುವ ಯಂತ್ರ ಇದ್ದರೆ ಅದರ ಧೂಳು ಮನೆಯೊಳಗೆ ಬರಬಾರದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೂ ಎಚ್ಚರ.

ಒಂದೊಂದನ್ನೂ ನೋಡುವುದು

ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ಕೂತುಕೊಳ್ಳಿ. ಕನ್ನಡಕ, ಒಂದು ಭೂತಗನ್ನಡಿ, ತುದಿ ಬಗ್ಗಿಸಿದ ಒಂದು ತಂತಿ ಇರಲಿ.

ಕತ್ತಿನಿಂದ ಶುರು ಮಾಡಿ. ಮೊದಲು ಸೀಳುವುದು ಅದೇ. ಉದ್ದಕ್ಕೆ ಕೂದಲಿನಂಥ ಗೆರೆ ಕಂಡರೆ ಉಗುರು ಆಡಿಸಿ. ಉಗುರಿಗೆ ಸಿಕ್ಕಿದರೆ ಬಿರುಕು. ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳುತ್ತೇವಲ್ಲ, ಇಲ್ಲೂ ಅದೇ. ಅಂಗೈಯಲ್ಲಿ ನಾಲ್ಕೈದು ಕೇಸ್ ಹಾಕಿ ಕುಲುಕಿದರೆ ಒಳ್ಳೆಯವು ಗೆಜ್ಜೆಯ ಹಾಗೆ ಕೇಳುತ್ತವೆ. ಒಡೆದದ್ದು ಒಂದಿದ್ದರೂ ಮಂದ ಸದ್ದು ಬರುತ್ತದೆ.

ಕತ್ತಿನ ಮೇಲೆ ಮಸಿ ಇದ್ದರೆ ಹೆದರಬೇಡಿ. ಬಾಯಿ ಸ್ವಲ್ಪ ಡೊಂಕಾಗಿದ್ದರೂ ಡೈ ಸರಿ ಮಾಡುತ್ತದೆ. ಮೈ ಮೇಲೆ ಚೂಪಾಗಿ ಮಡಚಿದ ತಗ್ಗು, ಮೈ ಸಣ್ಣದಾಗಿ ಕತ್ತಿಗೆ ಸೇರುವ ಹೆಗಲಿನಲ್ಲಿ ಸೀಳು, ಗುಳಿ ಬಿದ್ದ ಹಸಿರು ತುಕ್ಕು, ಇವು ಇದ್ದರೆ ತೆಗೆದು ಬದಿಗಿಡಿ.

ಈಗ ಬುಡ. ಇಲ್ಲಿ ನಿಧಾನವಾಗಿ ನೋಡಿ, ಯಾಕೆಂದರೆ ಕತ್ತು ಸೀಳಿದರೆ ಒಂದು ಕೇಸ್ ಹೋಗುತ್ತದೆ, ಬುಡ ಕಳಚಿದರೆ ಅನಿಲ ಹಿಂದಕ್ಕೆ ಬರುತ್ತದೆ.

ಬುಡದಿಂದ ಸುಮಾರು 8ರಿಂದ 10 ಮಿಲಿಮೀಟರ್ ಮೇಲೆ, ದಪ್ಪ ತಳ ಮುಗಿದು ತೆಳು ಗೋಡೆ ಶುರುವಾಗುವ ಕಡೆ, ಸುತ್ತಲೂ ಹೊಳೆಯುವ ಒಂದು ಬಳೆ ಕಾಣುತ್ತದಾ ನೋಡಿ. ಪಿನ್ ಹೊಡೆದಾಗ ಕೇಸ್ ಮುಂದಕ್ಕೆ ಹೋಗಿ ಕೂರುತ್ತದೆ. ಒತ್ತಡಕ್ಕೆ ಮುಂದಿನ ತೆಳು ಗೋಡೆ ಚೇಂಬರಿಗೆ ಅಂಟಿಬಿಡುತ್ತದೆ. ದಪ್ಪ ಬುಡ ಅಂಟುವುದಿಲ್ಲ, ಹಿಂದಕ್ಕೆ ಹೋಗಿ ಬೋಲ್ಟಿಗೆ ತಾಗುತ್ತದೆ. ನಡುವಿನ ಹಿತ್ತಾಳೆ ಎಳೆದುಕೊಳ್ಳುತ್ತದೆ. ಹೆಗಲನ್ನು ಅತಿಯಾಗಿ ಹಿಂದಕ್ಕೆ ಒತ್ತಿದ್ದರೆ ಪ್ರತಿ ಸಲವೂ ಅದೇ ಜಾಗ, ಅದೇ ಎಳೆತ. ಒಳಗಿನಿಂದ ತೆಳ್ಳಗಾಗುತ್ತಾ ಬರುತ್ತದೆ.

ಹೊರಗೆ ಕಾಣುವ ಗೆರೆ ಡೈಯ ಬಾಯಿ ತಾಗಿದ ಗುರುತೂ ಇರಬಹುದು. ಅದನ್ನು ತಿಳಿಯಲು ತಂತಿ ಇದೆ. ಪೇಪರ್ ಕ್ಲಿಪ್ ಬಿಚ್ಚಿ ನೆಟ್ಟಗೆ ಮಾಡಿ. ತುದಿಯಲ್ಲಿ 2 ಮಿಲಿಮೀಟರ್ ಮಾತ್ರ ಅಡ್ಡ ಬಗ್ಗಿಸಿ ಚೂಪು ಮಾಡಿ. ಒಳಗೆ ತಳದ ತನಕ ಬಿಟ್ಟು, ಗೋಡೆಗೆ ಒತ್ತಿ ಹಿಡಿದು ಮೇಲಕ್ಕೆ ಎಳೆಯಿರಿ. ಒಳ್ಳೆಯ ಕೇಸಿನಲ್ಲಿ ತಂತಿ ಜಾರಿಕೊಂಡು ಬರುತ್ತದೆ. ತೆಳ್ಳಗಾದದ್ದರಲ್ಲಿ ಒಂದು ತಗ್ಗಿಗೆ ಕಟ್ ಅಂತ ಬೀಳುತ್ತದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಒಂದು ಹೊಸ ಕೇಸಿನಲ್ಲಿ ಹತ್ತು ಸಲ ಎಳೆದು ಬೆರಳಿಗೆ ಅಭ್ಯಾಸ ಮಾಡಿಸಿ. ಆಮೇಲೆ ಕೆಟ್ಟದ್ದು ಸಿಕ್ಕಿದಾಗ ಬೆರಳು ತಾನೇ ಹೇಳುತ್ತದೆ. ನನ್ನ ಅಳಿಯ ಮೊದಲ ಸಲ ಕೆಟ್ಟ ಕೇಸ್ ಸಿಕ್ಕಿದಾಗ ಹ್ಯಾಕ್ಸಾದಲ್ಲಿ ಉದ್ದಕ್ಕೆ ಕೊಯ್ದು ನನಗೆ ತೋರಿಸಿದ. ಹೊರಗೆ ಏನೂ ಇಲ್ಲ. ಒಳಗೆ ಗೋಡೆ ಅರ್ಧದಷ್ಟೂ ಉಳಿದಿರಲಿಲ್ಲ. ನೀವೂ ಒಂದನ್ನು ಕೊಯ್ದು ನೋಡಿ. ಕಣ್ಣಿಗೆ ಕಂಡದ್ದು ಮರೆಯುವುದಿಲ್ಲ.

ಪ್ರೈಮರಿನ ಸುತ್ತ ಮಸಿ ಉಂಗುರ ಇದ್ದರೆ ಅನಿಲ ಸೋರಿದೆ. ಬುಡದ ಮೇಲೆ ದುಂಡಗಿನ ಹೊಳಪು ಗುರುತು ಇದ್ದರೆ ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರ್ ಇರುವ ಬೋಲ್ಟಿನ ತೂತಿನೊಳಗೆ ಹಿತ್ತಾಳೆ ಹರಿದಿದೆ, ಅಂದರೆ ಒತ್ತಡ ಮಿತಿ ಮೀರಿತ್ತು. ಹೊಸ ಪ್ರೈಮರ್ ಹೆಬ್ಬೆರಳಿನ ಒತ್ತಡಕ್ಕೇ ಒಳಗೆ ಹೋದರೆ ಅದು ಕೂರುವ ಪಾಕೆಟ್ ಸಡಿಲವಾಗಿದೆ. ಮೂರಕ್ಕೂ ಒಂದೇ ದಾರಿ, ಗುಜರಿ. ಇಕ್ಕಳದಲ್ಲಿ ಬಾಯಿ ಚಪ್ಪಟೆ ಮಾಡಿ ಹಾಕಿ, ಮರೆತು ಮತ್ತೆ ಒಳ್ಳೆಯದರ ಜತೆ ಸೇರಬಾರದು. ಅನುಮಾನ ಬಂದ ಕೇಸನ್ನೂ ಹಾಗೇ ಮಾಡಿ. ಹಿತ್ತಾಳೆ ಇನ್ನೊಂದು ಸಿಗುತ್ತದೆ, ಕಣ್ಣು ಸಿಗುವುದಿಲ್ಲ.

ಬೋಲ್ಟ್ ಯಾಕೆ ಮುಚ್ಚಲಿಲ್ಲ

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಇದು ಅರ್ಥವಾದರೆ ಅರ್ಧ ಕೆಲಸ ಅರ್ಥವಾದ ಹಾಗೆ.

ಟೂತ್‌ಪೇಸ್ಟ್ ಟ್ಯೂಬಿನ ನಡು ಹಿಸುಕಿದರೆ ಏನಾಗುತ್ತದೆ? ಪೇಸ್ಟ್ ಮುಂದಕ್ಕೆ ಹೋಗುತ್ತದೆ. ಕೇಸ್ ಡೈಯೊಳಗೆ ಹೋಗುವಾಗ ಮೊದಲು ಅದರ ಮೈ ಒತ್ತಲ್ಪಡುತ್ತದೆ. ಆ ಹಿತ್ತಾಳೆಗೆ ಹೋಗಲು ಇರುವುದು ಮುಂದಿನ ದಾರಿ ಮಾತ್ರ. ಹೆಗಲು ಮುಂದಕ್ಕೆ ಸರಿಯುತ್ತದೆ. ಇನ್ನೂ ಮೇಲೆ ಒತ್ತಿದ ಮೇಲಷ್ಟೇ ಡೈಯ ಹೆಗಲು ಕೇಸಿನ ಹೆಗಲನ್ನು ಮುಟ್ಟಿ ಹಿಂದಕ್ಕೆ ತಳ್ಳುತ್ತದೆ. ಡೈ ಸ್ವಲ್ಪ ಮೇಲಿದ್ದರೆ ಮೊದಲನೆಯದು ಆಗುತ್ತದೆ, ಎರಡನೆಯದು ಆಗುವುದಿಲ್ಲ. ಹಾಗಾಗಿ ಸೈಜ್ ಮಾಡಿದ ಕೇಸ್ ಮಾಡದ್ದಕ್ಕಿಂತ ಉದ್ದ.

ಹುಡುಗನ ಅಳತೆ ಹೀಗಿತ್ತು. ಹಾರಿಸಿದ ಕೇಸಿನಲ್ಲಿ ಬುಡದಿಂದ ಹೆಗಲಿಗೆ 1.633 ಇಂಚು. ಅವನು ಸೈಜ್ ಮಾಡಿದ್ದು 1.636. ಮೂರು ಥೌ ಬೆಳೆದಿತ್ತು. ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ, 0.025 ಮಿಲಿಮೀಟರ್. ಕಾರ್ಖಾನೆಯಲ್ಲಿ ನಾವು ಹಾಗೇ ಕರೆಯುತ್ತಿದ್ದೆವು.

ಅವನಿಗೆ ಬೇಕಾಗಿದ್ದು 1.631. ಬೋಲ್ಟ್ ಕೈಯಲ್ಲಿ ತಿರುಗಿಸುವ ರೈಫಲ್‌ಗೆ ಹೆಗಲು ಹಾರಿಸಿದ ಅಳತೆಗಿಂತ ಒಂದೆರಡು ಥೌ ಹಿಂದೆ ಇದ್ದರೆ ಸಾಕು. ತಾನೇ ಲೋಡ್ ಆಗುವ ರೈಫಲ್‌ಗೆ ಮೂರು ನಾಲ್ಕು. ಅದಕ್ಕಿಂತ ಜಾಸ್ತಿ ತಳ್ಳಿದಷ್ಟೂ ಬುಡದ ಹತ್ತಿರದ ಆ ಬಳೆಯನ್ನು ನೀವೇ ಕರೆದಂತೆ.

ಅಳೆಯಲು ಕ್ಯಾಲಿಪರ್‌ಗೆ ಕಚ್ಚಿಸುವ ಕಂಪ್ಯಾರೇಟರ್ ಗೇಜ್ ಬೇಕು. ಹೆಗಲಿನ ನಡುವೆ ಒಂದು ಗೊತ್ತಾದ ವ್ಯಾಸದಲ್ಲಿ ಅದು ಕೂರುತ್ತದೆ. ಅದು ಕೊಡುವ ಅಂಕಿ ನಿಮ್ಮ ಗೇಜಿಗೆ ಮಾತ್ರ ಸೇರಿದ್ದು. ಮೇಲಿನ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ನಿಮ್ಮ ರೈಫಲ್, ನಿಮ್ಮ ಗೇಜ್, ನಿಮ್ಮ ವ್ಯತ್ಯಾಸ. ಹಳೆ ಪ್ರೈಮರನ್ನು ತೆಗೆದ ಮೇಲೆಯೇ ಅಳೆಯಿರಿ. ಪಿನ್ ಹೊಡೆದ ಜಾಗದ ಅಂಚು ಒಂದು ಥೌ ಎದ್ದಿದ್ದರೂ ಲೆಕ್ಕ ಸುಳ್ಳಾಗುತ್ತದೆ. ಐದಾರು ಕೇಸ್ ಅಳೆದು, ಅವುಗಳಲ್ಲಿ ಉದ್ದವಾದದ್ದನ್ನು ಚೇಂಬರಿನ ಅಳತೆ ಅಂತ ಹಿಡಿಯಿರಿ. ಒಂದೇ ಸಲ ಹಾರಿಸಿದ ಕೇಸ್ ಚೇಂಬರನ್ನು ಪೂರ್ತಿ ತುಂಬಿರುವುದಿಲ್ಲ, ಎರಡು ಮೂರು ಸಲ ಹಾರಿಸಿದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಬೇರೆಯವರ ರೈಫಲ್‌ನಲ್ಲಿ ಹಾರಿಸಿದ ಕೇಸ್ ನಿಮ್ಮ ಚೇಂಬರಿನ ಬಗ್ಗೆ ಏನೂ ಹೇಳುವುದಿಲ್ಲ.

ಎಣ್ಣೆ, ಡೈ, ಹತ್ತು ಡಿಗ್ರಿ

ಕೇಸಿಗೆ ಸೈಜಿಂಗ್ ಲೂಬ್ ಹಚ್ಚದೆ ಡೈಯೊಳಗೆ ಬಿಡಬೇಡಿ. ಹುಡುಗ ಒಂದು ಸಲ ಮಾತಾಡುತ್ತಾ ಹಚ್ಚಲು ಮರೆತ. ಕೇಸ್ ಒಳಗೆ ಕಚ್ಚಿಕೊಂಡಿತು. ಹೊರಗೆ ತೆಗೆಯಲು ಹಿಡಿಕೆ ಮೇಲೆತ್ತಿದಾಗ ಬುಡದ ಅಂಚು ಹರಿದು ಬಂತು, ಕೇಸ್ ಡೈಯಲ್ಲೇ ಉಳಿಯಿತು. ಅದಕ್ಕೂ ದಾರಿ ಇದೆ. ಪಿನ್ನಿನ ಕಡ್ಡಿಯನ್ನು ಆದಷ್ಟು ಮೇಲಕ್ಕೆ ಬಿಚ್ಚಿ, ಕೇಸಿನ ಬುಡಕ್ಕೆ ಡ್ರಿಲ್ ಹಾಕಿ, ಕಾಲು ಇಂಚಿನ ಟ್ಯಾಪ್ ಹೊಡೆದು, ಬೋಲ್ಟ್ ಹಾಕಿ, ಮೇಲೆ ಒಂದು ಕಪ್ ಇಟ್ಟು ತಿರುಗಿಸಿದರೆ ನಿಧಾನವಾಗಿ ಹೊರಬರುತ್ತದೆ. ನನಗೆ ಆ ಕೆಲಸ ಇಷ್ಟವಾಯಿತು, ಹುಡುಗನಿಗೆ ಆಗಲಿಲ್ಲ. ಎರಡು ಗಂಟೆ ಹಿಡಿಯಿತು.

ಲೂಬ್ ಜಾಸ್ತಿಯೂ ಆಗಬಾರದು. ಬೆರಳ ತುದಿಗೆ ಒಂದಿಷ್ಟು ತೆಗೆದುಕೊಂಡು ದೋಸೆ ಕಾವಲಿಗೆ ಎಣ್ಣೆ ಸವರಿದ ಹಾಗೆ ಮೈಗೆ ತೆಳ್ಳಗೆ ಸವರಿ. ಬುಡದ ಹತ್ತಿರ ಹಚ್ಚಲು ಮರೆಯಬೇಡಿ, ಅಲ್ಲೇ ಬಿಗಿ ಜಾಸ್ತಿ. ಹೆಗಲಿಗೆ ಹಚ್ಚಬೇಡಿ. ಅಲ್ಲಿ ಎಣ್ಣೆ ಸೇರಿದರೆ ಹೋಗಲು ಜಾಗ ಇಲ್ಲದೆ ಹಿತ್ತಾಳೆಯಲ್ಲಿ ಗುಳಿ ಬೀಳುತ್ತದೆ. ಎಣ್ಣೆ ಅದುಮಿದಷ್ಟು ಕುಗ್ಗುವುದಿಲ್ಲ, ಹಿತ್ತಾಳೆಯೇ ಬಗ್ಗುತ್ತದೆ. ಕತ್ತಿನ ಒಳಗೆ ಬ್ರಷ್‌ನಲ್ಲಿ ಚೂರು ಗ್ರಾಫೈಟ್ ಆಡಿಸಿ.

ಡೈ ಡಬ್ಬಿಯ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ: ಕೇಸಿನ ಬುಡ ಹಿಡಿದಿಡುವ ಶೆಲ್ ಹೋಲ್ಡರಿಗೆ ಮುಟ್ಟುವ ತನಕ ಡೈ ಇಳಿಸಿ, ಆಮೇಲೆ ಕಾಲು ಸುತ್ತು ಜಾಸ್ತಿ ತಿರುಗಿಸಿ. ಹಾಗೆ ಮಾಡಿದರೆ ಯಾವ ರೈಫಲ್‌ಗಾದರೂ ಹೋಗುವ ಕೇಸ್ ಬರುತ್ತದೆ. ಆದರೆ ನಿಮ್ಮ ಚೇಂಬರ್ ಸ್ವಲ್ಪ ಉದ್ದವಾಗಿದ್ದರೆ ಹೆಗಲು ಆರೇಳು ಥೌ ಹಿಂದಕ್ಕೆ ಹೋಗಿಬಿಡುತ್ತದೆ. ನಾನು ಮೇಲಿನಿಂದ ಇಳಿದು ಬರುವ ದಾರಿ ಹಿಡಿಯುತ್ತೇನೆ.

ಡೈಯನ್ನು ಶೆಲ್ ಹೋಲ್ಡರಿಗಿಂತ ಸುಮಾರು ಒಂದು ಮಿಲಿಮೀಟರ್ ಮೇಲೆ ನಿಲ್ಲಿಸಿ. ಒಂದು ಕೇಸ್ ಒತ್ತಿ, ಲೂಬ್ ಒರೆಸಿ, ಅಳೆಯಿರಿ. ಸ್ವಲ್ಪ ಇಳಿಸಿ, ಮತ್ತೆ ಒತ್ತಿ, ಅಳೆಯಿರಿ. ಅಂಕಿ ಮೊದಲು ಬೆಳೆಯುತ್ತದೆ. ಹೆದರಬೇಡಿ, ಅದು ಹೇಳಿದೆನಲ್ಲ ಆ ಟ್ಯೂಬಿನ ಕಥೆ. ಒಂದು ಹಂತದಲ್ಲಿ ನಿಂತು ಇಳಿಯಲು ಶುರುವಾಗುತ್ತದೆ. ಅಲ್ಲಿಂದ ಮುಂದೆ ಲೆಕ್ಕ ಹಾಕಿ ತಿರುಗಿಸಿ.

ಲೆಕ್ಕ ಹೀಗೆ. ಡೈಯ ಥ್ರೆಡ್ ಇಂಚಿಗೆ 14. ಒಂದು ಪೂರ್ತಿ ಸುತ್ತಿಗೆ ಡೈ ಇಳಿಯುವುದು 71 ಥೌಗಿಂತ ಸ್ವಲ್ಪ ಜಾಸ್ತಿ. ಎರಡು ಥೌ ಇಳಿಯಬೇಕಾದರೆ ಸುಮಾರು 10 ಡಿಗ್ರಿ. ಗಡಿಯಾರದಲ್ಲಿ ಎರಡು ನಿಮಿಷದ ಗುರುತಿಗಿಂತ ಕಡಿಮೆ. ಕಾಲು ಸುತ್ತು ಅಂದರೆ ಹದಿನೆಂಟು ಥೌ ಅಲ್ವಾ, ಈಗ ನೋಡಿ ಅದು ಎಷ್ಟು ದೊಡ್ಡ ಹೆಜ್ಜೆ ಅಂತ. ಹುಡುಗನಿಗೆ ಡೈಯ ಲಾಕ್ ರಿಂಗಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ, ಪ್ರೆಸ್ಸಿನ ಮೇಲೆ ಒಂದು ಗೆರೆ ಹಾಕಿಸಿದೆ. ಪ್ರೆಸ್ ಕೂಡ ಭಾರಕ್ಕೆ ಸ್ವಲ್ಪ ಹಿಗ್ಗುತ್ತದೆ, ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಬರುತ್ತದೆ. ಹಾಗಾಗಿ ಲೆಕ್ಕದಷ್ಟೇ ಇಳಿಯುವುದಿಲ್ಲ. ಐದೈದು ಡಿಗ್ರಿ ತಿರುಗಿಸಿ ಪ್ರತಿ ಸಲ ಅಳೆಯಿರಿ. ಪ್ರತಿ ಹೊಂದಾಣಿಕೆಗೂ ಹೊಸದಾಗಿ ಇನ್ನೊಂದು ಹಾರಿಸಿದ ಕೇಸ್ ತೆಗೆದುಕೊಳ್ಳಿ. ಒಂದನ್ನೇ ಮತ್ತೆ ಮತ್ತೆ ಒತ್ತಿದರೆ ಅಳತೆ ದಾರಿ ತಪ್ಪಿಸುತ್ತದೆ.

ಹಿಡಿಕೆಯನ್ನು ಹೊಡೆಯಬೇಡಿ, ಒಂದೇ ಸಮ ಒತ್ತಿ. ಮೇಲೆ ಮುಟ್ಟಿದಾಗ ಎರಡು ಸೆಕೆಂಡು ನಿಲ್ಲಿಸಿ. ಹಿತ್ತಾಳೆ ಆ ಆಕಾರಕ್ಕೆ ಒಗ್ಗಿಕೊಳ್ಳಲು ಅಷ್ಟು ಸಮಯ ಕೊಟ್ಟರೆ ಒಂದು ಕೇಸಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆಯಾಗುತ್ತದೆ. ಇಳಿಸುವಾಗ ಒಳಗಿನ ಎಕ್ಸ್‌ಪಾಂಡರ್ ಗುಂಡಿ ಕತ್ತನ್ನು ಅಗಲಿಸುತ್ತಾ ಬರುತ್ತದೆ. ಕಿರ್ ಅಂತ ಕೇಳಿದರೆ ಕತ್ತಿನೊಳಗೆ ಗ್ರಾಫೈಟ್ ಸಾಲದು, ಅದು ಕತ್ತನ್ನೂ ಹೆಗಲನ್ನೂ ಮೇಲಕ್ಕೆ ಎಳೆಯುತ್ತಿದೆ. ಕೊನೆಯಲ್ಲಿ ಕತ್ತಿನ ಒಳ ಅಳತೆ ಹಾರುವ ಗುಂಡಿನ ವ್ಯಾಸಕ್ಕಿಂತ ಒಂದೆರಡು ಥೌ ಕಡಿಮೆ ಇರಬೇಕು.

ಅಳತೆ ಬಂತು ಅಂತ ಅನ್ನಿಸಿದ ಮೇಲೆ ರೈಫಲ್‌ನಲ್ಲಿ ಹಾಕಿ ನೋಡಿ. ಖಾಲಿ ಕೇಸ್ ಮಾತ್ರ, ಪ್ರೈಮರ್ ಇಲ್ಲ, ಮದ್ದು ಇಲ್ಲ, ಮೇಜಿನ ಮೇಲೆ ಜೀವಂತ ತೋಟೆ ಒಂದೂ ಇಲ್ಲ, ನಳಿಗೆ ಯಾರ ಕಡೆಗೂ ಇಲ್ಲ. ಬೋಲ್ಟ್ ಕೊನೆಯಲ್ಲಿ ಚೂರೇ ಚೂರು ತಡೆದು ಮುಚ್ಚಿದರೂ ಸರಿ, ತಡೆಯದೆ ಮುಚ್ಚಿದರೂ ಸರಿ. ಬಲ ಹಾಕಬೇಕಾದರೆ ಇನ್ನೊಂದು ಥೌ ಇಳಿಸಿ. ಆಮೇಲೆ ಲಾಕ್ ರಿಂಗ್ ಬಿಗಿ ಮಾಡಿ, ಉಳಿದವನ್ನೆಲ್ಲ ಒತ್ತಿ. ಹತ್ತಕ್ಕೊಂದು ಅಳೆಯುತ್ತಿರಿ.

ಉದ್ದ

ಒತ್ತಿದ ಹಿತ್ತಾಳೆ ಕತ್ತಿನ ಕಡೆ ಹರಿಯುತ್ತದೆ, ಕೇಸ್ ಬೆಳೆಯುತ್ತದೆ. .308ಕ್ಕೆ ಗರಿಷ್ಠ ಉದ್ದ 2.015 ಇಂಚು. ಅದನ್ನು ಮೀರಿದರೆ 2.005ಕ್ಕೆ ಕತ್ತರಿಸಿ. .223 ರೆಮಿಂಗ್ಟನ್ ಆದರೆ 1.760 ಮತ್ತು 1.750. ಉದ್ದವಾದ ಕತ್ತು ಚೇಂಬರಿನ ಕೊನೆಗೆ ಒತ್ತಿಕೊಂಡು ಗುಂಡನ್ನು ಬಿಗಿ ಹಿಡಿಯುತ್ತದೆ. ಗುಂಡು ಬಿಡಿಸಿಕೊಳ್ಳುವ ಮೊದಲೇ ಒತ್ತಡ ಏರುತ್ತದೆ. ಸೈಜ್ ಮಾಡುವ ಮೊದಲಲ್ಲ, ಮಾಡಿದ ಮೇಲೆ ಅಳೆಯಿರಿ. ಕತ್ತರಿಸಿದ ಬಾಯಿಯ ಒಳಗೂ ಹೊರಗೂ ಬರ್, ಅಂದರೆ ಎದ್ದು ನಿಂತ ಚೂಪು ಅಂಚು, ತೆಗೆಯಿರಿ. ಉಪಕರಣವನ್ನು ಎರಡು ಸುತ್ತು ಹಗುರವಾಗಿ ತಿರುಗಿಸಿದರೆ ಸಾಕು, ಬಾಯಿಯನ್ನು ಚಾಕುವಿನಂತೆ ಮಾಡಬೇಡಿ.

ಕೆಲವು ಸಲ ಹಾರಿಸಿದ ಮೇಲೆ ಒಂದು ಗುರುತು ಕಾಣುತ್ತದೆ. ಡೈ ಮುಟ್ಟಿಲ್ಲ, ಲೂಬ್ ಬದಲಿಸಿಲ್ಲ, ಆದರೂ ಹೆಗಲಿನ ಅಳತೆ ಒಂದೊಂದು ಕೇಸಿಗೆ ಒಂದೊಂದು ಬರುತ್ತದೆ. ಕತ್ತೂ ಹೆಗಲೂ ಗಟ್ಟಿಯಾಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತಿವೆ ಅಂತ ಅರ್ಥ. ಆಗ ಕತ್ತನ್ನು ಮಾತ್ರ ಕೆಲವು ಸೆಕೆಂಡು ಬಿಸಿ ಮಾಡಿ ಮೆತ್ತಗೆ ಮಾಡುತ್ತಾರೆ. ಬುಡಕ್ಕೆ ಬಿಸಿ ತಾಗಿ ಅದು ಮೆತ್ತಗಾದರೆ ಮತ್ತೆ ಗಟ್ಟಿ ಮಾಡಲು ಮನೆಯಲ್ಲಿ ದಾರಿಯೇ ಇಲ್ಲ, ಅಂಥ ಕೇಸ್ ತುಂಬ ಅಪಾಯ. ಬಿಸಿ ಎಷ್ಟಾಯಿತು ಅಂತ ತೋರಿಸುವ ಬಣ್ಣ ಹಚ್ಚದೆ, ಕಲಿತವರ ಪಕ್ಕ ನಿಂತು ನೋಡದೆ ಇದಕ್ಕೆ ಕೈ ಹಾಕಬೇಡಿ. ಕತ್ತು ಸೀಳುವ ತನಕ ಬಳಸಿ ಬಿಸಾಡುವುದೂ ಮರ್ಯಾದೆಯ ದಾರಿಯೇ.

ಎಲ್ಲ ಮುಗಿದ ಮೇಲೆ ಲೂಬ್ ಪೂರ್ತಿ ಒರೆಸಿ. ಎಣ್ಣೆ ಉಳಿದ ಕೇಸ್ ಚೇಂಬರಿನ ಗೋಡೆ ಹಿಡಿಯುವುದಿಲ್ಲ, ಬೋಲ್ಟಿನ ಮೇಲೆ ಭಾರ ಬೀಳುತ್ತದೆ. ಡಬ್ಬಿಗೆ ಹಾಕಿ ಮೇಲೆ ಚೀಟಿ ಅಂಟಿಸಿ: ಯಾವ ರೈಫಲ್, ಯಾವ ತಯಾರಕ, ಎಷ್ಟನೇ ಸಲ, ಹೆಗಲಿನ ಅಳತೆ ಎಷ್ಟು. ಮೊಣಕೈ ತನಕ ಸೋಪು ಹಾಕಿ ತೊಳೆದುಕೊಂಡ ಮೇಲೆ ಕಾಫಿ ಮುಟ್ಟಿ.

ಆ ಭಾನುವಾರ ಹುಡುಗ 25 ಡಿಗ್ರಿ ಅಂತ ಲೆಕ್ಕ ಹಾಕಿ, ಐದೈದಾಗಿ ತಿರುಗಿಸುತ್ತಾ ಹೋದ. ಏಳನೇ ಕೇಸಿಗೆ ಗೇಜ್ 1.631 ತೋರಿಸಿತು. ಫೋನನ್ನು ರೈಫಲ್ ಪಕ್ಕ ಇಟ್ಟು ಬೋಲ್ಟ್ ಮುಚ್ಚಿದ. ಆ ಸದ್ದು ನನಗೆ ವಿದ್ಯಾರಣ್ಯಪುರದಲ್ಲಿ ಸ್ಪಷ್ಟವಾಗಿ ಕೇಳಿಸಿತು.